ಐದೂವರೆ ವರ್ಷದ ಮಗನಿಗೆ ಎಡಿಎಚ್‌ಡಿ ಪರೀಕ್ಷೆ ಮಾಡಿಸಬೇಕಾ, ಏಳರವರೆಗೆ ಕಾಯಬೇಕಾ?

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ. ಒಂದು ಕಡೆ ಕೂರುವುದೇ ಇಲ್ಲ. ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಸರದಿ ಬರುವವರೆಗೆ ತಡೆಯುವುದಿಲ್ಲ. ಶಾಲೆಯಲ್ಲಿ ಟೀಚರ್ ಎರಡು ಸಲ ಕರೆದು, "ಎಡಿಎಚ್‌ಡಿ ಇರಬಹುದು, ತೋರಿಸಿ" ಎಂದರು. ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ದುಡುಕು ಇರುವ ತೊಂದರೆಯಂತೆ ಅದು. ನಾವು ಯಾವಾಗಲೂ ಹೋಗುವ ಡಾಕ್ಟರು ಏಳು ವರ್ಷ ಆಗುವವರೆಗೆ ಏನೂ ಹೇಳಲಿಕ್ಕಾಗದು ಎನ್ನುತ್ತಾರೆ. "ಇವನಪ್ಪನೂ ಹೀಗೇ ಇದ್ದ, ಸುಮ್ನೆ ಬಿಡು" ಎನ್ನುವುದು ನನ್ನ ಅತ್ತೆಯ ಮಾತು. ತರಗತಿಯಲ್ಲಿ ಇವನೇ ಎಲ್ಲರಿಗಿಂತ ಚಿಕ್ಕವನು. ಇನ್ನೊಂದು ಕಡೆ, ನನ್ನ ಅಕ್ಕನ ಮಗಳಿಗೆ 13ನೇ ವಯಸ್ಸಿನಲ್ಲಿ, ಈಗ ಮೊನ್ನೆ, ಇದೇ ತೊಂದರೆ ಇದೆ ಎಂದು ಗೊತ್ತಾಯಿತು. ಅಷ್ಟು ತಡವಾಗಿ ಹೇಗೆ? ಹಾಗಾದರೆ ಸರಿಯಾದ ವಯಸ್ಸು ಯಾವುದು? ಬೇಗ ತೋರಿಸಿದರೆ ಮಾತ್ರೆ ಶುರು ಮಾಡಿಬಿಡುತ್ತಾರೋ ಎಂಬ ಭಯವೂ ಇದೆ.

ಉತ್ತರ: ಐದೂವರೆ ವರ್ಷದ ಮಗುವನ್ನು ತೋರಿಸಬಹುದು. ನಿಮ್ಮ ಮಗನನ್ನು ತೋರಿಸಿ ಅಂತಲೇ ನಾನು ಹೇಳುತ್ತೇನೆ. ಆದರೆ ಹೋದ ದಿನವೇ "ಇದೆ" ಅಥವಾ "ಇಲ್ಲ" ಅಂತ ಬರೆದುಕೊಡಬೇಕು ಎಂದು ಕಾಯಬೇಡಿ. ಈ ವಯಸ್ಸಿನಲ್ಲಿ ಒಳ್ಳೆಯ ಡಾಕ್ಟರು ಅವಸರ ಮಾಡುವುದಿಲ್ಲ. ಹಾಗಂತ ಬಾಗಿಲು ಮುಚ್ಚಿ "ಎರಡು ವರ್ಷ ಬಿಟ್ಟು ಬನ್ನಿ" ಅಂತಲೂ ಕಳಿಸುವುದಿಲ್ಲ.

ಈ ಏಳು ವರ್ಷದ ಲೆಕ್ಕವನ್ನು ತುಂಬಾ ಜನ ಹೇಳುತ್ತಾರೆ. ಅದರ ಮೂಲ ನೋಡಿದರೆ ನಿಮಗೇ ಆಶ್ಚರ್ಯ ಆದೀತು. ಅಮೆರಿಕದ ಮನೋವೈದ್ಯರ ಸಂಘ ಡಿಎಸ್‌ಎಂ ಎಂಬ ಕೈಪಿಡಿಯನ್ನು ಹೊರತರುತ್ತದೆ. ಯಾವ ತೊಂದರೆಯನ್ನು ಯಾವ ಲಕ್ಷಣಗಳಿಂದ ಗುರುತಿಸಬೇಕು ಎಂದು ಅದರಲ್ಲಿದೆ. 1994ರ ನಾಲ್ಕನೇ ಆವೃತ್ತಿಯಲ್ಲಿ ಎಡಿಎಚ್‌ಡಿಗೆ ಒಂದು ಷರತ್ತಿತ್ತು: ತೊಂದರೆ ಕೊಡುವ ಕೆಲವು ಲಕ್ಷಣಗಳಾದರೂ ಏಳು ವರ್ಷಕ್ಕೆ ಮುಂಚೆಯೇ ಕಾಣಿಸಿರಬೇಕು. ನೋಡಿ, ಏಳಕ್ಕೆ ಮುಂಚೆ ಶುರುವಾಗಿರಬೇಕು ಅಂತ ಇದ್ದದ್ದು. ಏಳರವರೆಗೆ ಹೇಳಬಾರದು ಅಂತ ಅಲ್ಲ. ಬಾಯಿಂದ ಬಾಯಿಗೆ ಬರುತ್ತಾ ಅದು ತಲೆಕೆಳಗಾದಂತಿದೆ. ಮೇಲಾಗಿ ಆ ಷರತ್ತೂ ಈಗಿಲ್ಲ. 2013ರ ಐದನೇ ಆವೃತ್ತಿ ಅದನ್ನು 12 ವರ್ಷಕ್ಕೆ ಏರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲೂ 12 ಎಂದೇ ಇದೆ.

ಯಾಕೆ ಏರಿಸಿದರು? ಹತ್ತು ಹನ್ನೆರಡು ವರ್ಷದ ಮಗುವನ್ನೋ ದೊಡ್ಡವರನ್ನೋ ಕೂರಿಸಿಕೊಂಡು "ಏಳಕ್ಕೆ ಮುಂಚೆ ಹೇಗಿತ್ತು" ಎಂದು ಕೇಳಿದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಜೊತೆಗೆ ಗಮನದ ತೊಂದರೆ ಮಾತ್ರ ಇರುವ ಮಕ್ಕಳಲ್ಲಿ ಅದು ಪಾಠ ಕಷ್ಟವಾದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಮಿತಿ ಏರಿಸಿದರೆ ಸಿಕ್ಕಸಿಕ್ಕ ಮಕ್ಕಳಿಗೆಲ್ಲ ಈ ಹೆಸರು ಅಂಟಬಹುದು ಎಂಬ ಅನುಮಾನ ಆಗ ಇತ್ತು. ಬ್ರಿಟನ್ನಿನ 2,232 ಮಕ್ಕಳನ್ನು ಚಿಕ್ಕಂದಿನಿಂದ ಗಮನಿಸಿದ ಒಂದು ಅಧ್ಯಯನದಲ್ಲಿ ಅದನ್ನು ಲೆಕ್ಕ ಹಾಕಿ ನೋಡಿದರು. ಸಂಖ್ಯೆ ಏರಲಿಲ್ಲ ಎಂದೇ ಹೇಳಬೇಕು.

ಇನ್ನು ಕೆಳಗಿನ ಮಿತಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಮಾರ್ಗಸೂಚಿ ಕೊಟ್ಟಾಗ ಅದು ಆರರಿಂದ 12 ವರ್ಷದ ಮಕ್ಕಳಿಗಷ್ಟೇ ಇತ್ತು. 2011ರಲ್ಲಿ ಅದನ್ನು ನಾಲ್ಕರಿಂದ 18ಕ್ಕೆ ವಿಸ್ತರಿಸಿದರು. 2019ರ ಪರಿಷ್ಕರಣೆಯಲ್ಲೂ ನಾಲ್ಕು ವರ್ಷವೇ ಉಳಿಯಿತು. ನಿಮ್ಮ ಮಗ ಅದನ್ನು ದಾಟಿ ಒಂದೂವರೆ ವರ್ಷ ಆಗಿದೆ.

ನಾಲ್ಕಕ್ಕಿಂತ ಕೆಳಗೆ ಯಾಕೆ ಬೇಡ ಎನ್ನುತ್ತೇವೆ ಅಂದರೆ, ಲಕ್ಷಣಗಳ ಪಟ್ಟಿಯನ್ನು ಮೂರು ವರ್ಷದ ಯಾವ ಮಗುವಿನ ಮುಂದೆ ಹಿಡಿದರೂ ಅರ್ಧಕ್ಕರ್ಧ ಹೊಂದುತ್ತದೆ. ಓಡುತ್ತದೆ, ಹತ್ತುತ್ತದೆ, ಮಾತಿನ ಮಧ್ಯೆ ಬಾಯಿ ಹಾಕುತ್ತದೆ, ಆಟದ ಸಾಮಾನು ಕಳೆದುಹಾಕುತ್ತದೆ. ಮೂರು ವರ್ಷದ ಮಗು ಗಂಟೆಗಟ್ಟಲೆ ಅಲ್ಲಾಡದೆ ಕೂತಿದ್ದರೆ ನನಗೆ ಅದೇ ಜಾಸ್ತಿ ಚಿಂತೆ.

ನಿಜ ಹೇಳಬೇಕೆಂದರೆ, "ಎಷ್ಟನೇ ವಯಸ್ಸು" ಎಂಬ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆ. ತೊಂದರೆ ಯಾವಾಗ ಶುರುವಾಯಿತು ಎಂಬುದು ಒಂದು. ಅದು ಯಾವಾಗ ಬೇರೆಯವರ ಕಣ್ಣಿಗೆ ಬಿತ್ತು ಎಂಬುದು ಇನ್ನೊಂದು. ಎಡಿಎಚ್‌ಡಿ ಮಿದುಳಿನ ಬೆಳವಣಿಗೆಗೆ ಸೇರಿದ ವಿಷಯ. ಒಂದು ದಿನ ಜ್ವರ ಬಂದ ಹಾಗೆ ಬರುವುದಿಲ್ಲ. ಆದರೆ ಅದು ಗೊತ್ತಾಗುವುದು ಮಗುವಿನಿಂದ ನಾವು ಕೇಳುವುದು ಮಗುವಿನ ಕೈಲಾಗುವುದಕ್ಕಿಂತ ಜಾಸ್ತಿಯಾದ ದಿನ. ಒಬ್ಬನಿಗೆ ಆ ದಿನ ಶಾಲೆಗೆ ಸೇರಿದ ಮೊದಲ ವಾರವೇ ಬರುತ್ತದೆ. ಇನ್ನೊಬ್ಬಳಿಗೆ ಪ್ರೌಢಶಾಲೆಯಲ್ಲಿ ಬರುತ್ತದೆ. ಕೆಲವರಿಗೆ ಕೆಲಸಕ್ಕೆ ಸೇರಿದ ಮೇಲೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪ್ರಕಟಿಸಿದ ಅಂಕಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2016ರಲ್ಲಿ ಪೋಷಕರನ್ನು ಕೇಳಿ ಸಂಗ್ರಹಿಸಿದ ಮಾಹಿತಿ ಅದು. ತೊಂದರೆ ತೀವ್ರವಾಗಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ನಾಲ್ಕು ವರ್ಷದ ಹೊತ್ತಿಗೇ ಗೊತ್ತಾಗಿತ್ತು. ಮಧ್ಯಮವಾಗಿದ್ದವರಲ್ಲಿ ಆರಕ್ಕೆ, ಸೌಮ್ಯವಾಗಿದ್ದವರಲ್ಲಿ ಏಳಕ್ಕೆ. ಅಂದರೆ ವಯಸ್ಸನ್ನು ತೀರ್ಮಾನಿಸುವುದು ಕ್ಯಾಲೆಂಡರ್ ಅಲ್ಲ, ತೊಂದರೆ ಎಷ್ಟು ಜೋರಾಗಿದೆ ಎಂಬುದು.

ಹಾಗಾದರೆ ಐದೂವರೆಯಲ್ಲಿ ಏನನ್ನು ನೋಡುತ್ತೇವೆ? ಡಿಎಸ್‌ಎಂನಲ್ಲಿ ಗಮನಕ್ಕೆ ಸಂಬಂಧಿಸಿ ಒಂಬತ್ತು ಲಕ್ಷಣ ಇವೆ. ಅತಿ ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿ ಇನ್ನೊಂಬತ್ತು. ಯಾವುದಾದರೂ ಒಂದು ಗುಂಪಿನಲ್ಲಿ ಕನಿಷ್ಠ ಆರು ಲಕ್ಷಣ, ಕನಿಷ್ಠ ಆರು ತಿಂಗಳಿಂದ ಇರಬೇಕು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಇದ್ದರೆ ಸಾಲದು, ಎರಡು ಕಡೆಯಾದರೂ ಕಾಣಬೇಕು. ಅದರಿಂದ ಮಗುವಿನ ಬದುಕಿಗೆ ನಿಜವಾಗಿ ಏಟು ಬೀಳುತ್ತಿರಬೇಕು. ಕಲಿಕೆ ನಿಂತಿರಬೇಕು, ಗೆಳೆಯರು ದೂರ ಆಗುತ್ತಿರಬೇಕು, ಪದೇ ಪದೇ ಪೆಟ್ಟು ಮಾಡಿಕೊಳ್ಳುತ್ತಿರಬೇಕು, ಅಂಥದ್ದೇನಾದರೂ. ಇಷ್ಟರ ಮೇಲೆ, ಎಲ್ಲವನ್ನೂ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಬೇಕು. ಎಡವುವುದು ಹೆಚ್ಚಾಗಿ ಇಲ್ಲೇ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದೂ ಇಂಥ ಒಂದು ಸಾಲಿನ ಮೇಲೆ: ತರಗತಿಯಲ್ಲಿ ಇವನೇ ಚಿಕ್ಕವನು.

ಶಾಲೆಗೆ ಸೇರಿಸಲು ಎಲ್ಲ ಕಡೆಯೂ ಒಂದು ಕೊನೆಯ ದಿನಾಂಕ ಇರುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಹುಟ್ಟಿದವನು ತರಗತಿಯ ಕಿರಿಯ. ಸ್ವಲ್ಪ ಆಮೇಲೆ ಹುಟ್ಟಿದವನು ಮುಂದಿನ ವರ್ಷ ಸೇರಿ ಆ ತರಗತಿಯ ಹಿರಿಯ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಆ ದಿನಾಂಕ ಡಿಸೆಂಬರ್ 31. ಅಲ್ಲಿ ಆರರಿಂದ 12 ವರ್ಷದ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಒಂದು ವರದಿ ಪ್ರಕಟಿಸಿದರು. ಜನವರಿಯಲ್ಲಿ ಹುಟ್ಟಿದವರಿಗೆ ಹೋಲಿಸಿದರೆ ಡಿಸೆಂಬರಿನಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಎಡಿಎಚ್‌ಡಿ ಎಂದು ಹೇಳುವ ಸಾಧ್ಯತೆ ಶೇಕಡಾ 30ರಷ್ಟು ಜಾಸ್ತಿ ಇತ್ತು. ಹೆಣ್ಣುಮಕ್ಕಳಿಗೆ ಶೇಕಡಾ 70ರಷ್ಟು ಜಾಸ್ತಿ. 2018ರಲ್ಲಿ ಅಮೆರಿಕದಲ್ಲೂ ಇಂಥದ್ದೇ ಅಧ್ಯಯನ ಬಂತು. ಸೆಪ್ಟೆಂಬರ್ 1 ಕೊನೆಯ ದಿನಾಂಕವಾಗಿರುವ ರಾಜ್ಯಗಳಲ್ಲಿ ಆಗಸ್ಟಿನಲ್ಲಿ ಹುಟ್ಟಿದ ಹತ್ತು ಸಾವಿರ ಮಕ್ಕಳಲ್ಲಿ 85 ಮಂದಿಗೆ ಎಡಿಎಚ್‌ಡಿ ಎಂದು ಗುರುತಿಸಿದ್ದರು. ಸೆಪ್ಟೆಂಬರಿನಲ್ಲಿ ಹುಟ್ಟಿದವರಲ್ಲಿ ಆ ಸಂಖ್ಯೆ ಸುಮಾರು 64. ಆ ದಿನಾಂಕದ ನಿಯಮ ಇಲ್ಲದ ರಾಜ್ಯಗಳಲ್ಲಿ ಆಗಸ್ಟ್, ಸೆಪ್ಟೆಂಬರ್ ಮಕ್ಕಳ ನಡುವೆ ಅಂಥ ವ್ಯತ್ಯಾಸವೇ ಇರಲಿಲ್ಲ.

ಒಂದು ತಿಂಗಳ ಅಂತರದಲ್ಲಿ ಹುಟ್ಟಿದ್ದಕ್ಕೆ ಮಿದುಳು ಬೇರೆ ಆಗುತ್ತದಾ? ಇಲ್ಲ. ಬೇರೆ ಆದದ್ದು ಪಕ್ಕದ ಬೆಂಚಿನ ಮಗು. ನಿಮ್ಮ ಮಗನಿಗೆ ಈಗ 66 ತಿಂಗಳು. ಪಕ್ಕದಲ್ಲಿ ಕೂತವನು ಅವನಿಗಿಂತ 11 ತಿಂಗಳು ದೊಡ್ಡವನಾಗಿದ್ದರೆ, ಅದು ನಿಮ್ಮ ಮಗ ಬದುಕಿದ ಆಯುಸ್ಸಿನ ಆರನೇ ಒಂದು ಭಾಗ. ಈ ವಯಸ್ಸಿನಲ್ಲಿ ಅದು ದೊಡ್ಡ ಅಂತರ. ಟೀಚರಿಗೆ ಇದನ್ನು ಆಕ್ಷೇಪದ ಹಾಗೆ ಹೇಳಬೇಡಿ. ಮೂವತ್ತು ನಲವತ್ತು ಮಕ್ಕಳನ್ನು ಒಟ್ಟಿಗೆ ನೋಡುವವರ ಕಣ್ಣು ತುಂಬಾ ಬೆಲೆಯುಳ್ಳದ್ದು, ನಾವು ಅದನ್ನೇ ನಂಬಿ ಕೆಲಸ ಮಾಡುತ್ತೇವೆ. ಅವರಿಗೆ ಒಂದೇ ಒಂದು ಪ್ರಶ್ನೆ ಕೇಳಿ: ಇವನ ಹುಟ್ಟಿದ ದಿನಕ್ಕೆ ಹತ್ತಿರ ಹುಟ್ಟಿದ ಇನ್ನಿಬ್ಬರು ಮೂವರ ಜೊತೆ ಹೋಲಿಸಿದರೂ ಇವನು ಬೇರೆಯಾಗಿ ಕಾಣುತ್ತಾನಾ? "ಹೌದು, ಅವರ ನಡುವೆಯೂ ಇವನು ಎದ್ದು ಕಾಣುತ್ತಾನೆ" ಅಂದರೆ ಆ ಉತ್ತರವನ್ನು ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ.

ಹಾಗಂತ "ಚಿಕ್ಕವನು, ಅಷ್ಟೇ" ಎಂದು ತಳ್ಳಿಹಾಕುವುದೂ ತಪ್ಪು. ತರಗತಿಯ ಕಿರಿಯ ಮಗುವಿಗೂ ಎಡಿಎಚ್‌ಡಿ ಇರಬಹುದು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಫಿಲಿಪ್ ಶಾ ಮತ್ತು ಜೊತೆಗಾರರು ಮಕ್ಕಳ ಮಿದುಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಸ್ಕ್ಯಾನ್ ಮಾಡಿ ನೋಡಿದರು. ಮಿದುಳಿನ ಹೊರಪದರ ಬೆಳೆಯುತ್ತಾ ದಪ್ಪವಾಗಿ, ಆಮೇಲೆ ತೆಳುವಾಗುತ್ತದೆ. ಹೊರಪದರದ ಅರ್ಧ ಭಾಗ ಆ ಗರಿಷ್ಠ ದಪ್ಪಕ್ಕೆ ಬರುವುದು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ. ಎಡಿಎಚ್‌ಡಿ ಇದ್ದವರಲ್ಲಿ ಅದು ಹತ್ತೂವರೆಗೆ. ದಾರಿ ಅದೇ, ಹೆಜ್ಜೆ ನಿಧಾನ. ಹೆಚ್ಚು ತಡವಾದದ್ದು ಗಮನ, ಯೋಜನೆ, ತಡೆದುಕೊಳ್ಳುವಿಕೆಗೆ ಬೇಕಾದ ಮುಂಭಾಗದಲ್ಲಿ. ಇದನ್ನು ಓದಿ ಯಾರೂ ಸ್ಕ್ಯಾನ್ ಮಾಡಿಸಲು ಓಡಬೇಡಿ. ಅದು ಗುಂಪುಗಳ ಸರಾಸರಿ ಲೆಕ್ಕ. ಒಂದು ಮಗುವಿಗೆ ಎಡಿಎಚ್‌ಡಿ ಇದೆಯೋ ಇಲ್ಲವೋ ಎಂದು ಹೇಳುವ ಸ್ಕ್ಯಾನಾಗಲಿ ರಕ್ತಪರೀಕ್ಷೆಯಾಗಲಿ ಇಲ್ಲ.

ಪರೀಕ್ಷೆ ಅಂದರೆ ಹೆಚ್ಚಿನ ಪಾಲು ಮಾತುಕತೆ. ಹೆರಿಗೆ ಅವಧಿಗೆ ಮುಂಚೆ ಆಯಿತಾ, ಮಾತು ಯಾವಾಗ ಬಂತು, ನಿದ್ದೆ ಹೇಗೆ, ಮನೆಯಲ್ಲಿ ಯಾರಿದ್ದಾರೆ, ಬೆಳಿಗ್ಗೆ ಎದ್ದಲ್ಲಿಂದ ರಾತ್ರಿಯವರೆಗೆ ದಿನ ಹೇಗೆ ಹೋಗುತ್ತದೆ ಎಂದೆಲ್ಲ ಕೇಳುತ್ತಾರೆ. ನಿಮಗೊಂದು, ಶಾಲೆಗೊಂದು ಪ್ರಶ್ನಾವಳಿ ಕೊಡುತ್ತಾರೆ. ಸಣ್ಣ ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ನಮೂನೆಗಳೇ ಬೇರೆ ಇವೆ. ಹತ್ತು ವರ್ಷದವರಿಗಾಗಿ ಮಾಡಿದ್ದನ್ನು ಐದು ವರ್ಷದವನಿಗೆ ತುಂಬಿಸಿ ಅಂಕ ಕೂಡಿದರೆ ಅದಕ್ಕೆ ಅರ್ಥ ಇಲ್ಲ. ಹತ್ತು ನಿಮಿಷ ನೋಡಿ ಎಡಿಎಚ್‌ಡಿ ಅಂದವರನ್ನೂ, ಹತ್ತು ನಿಮಿಷ ನೋಡಿ ಇಲ್ಲ ಅಂದವರನ್ನೂ ನಾನು ಒಂದೇ ತರ ನೋಡುತ್ತೇನೆ.

ಇಲ್ಲಿ ತಾಯಂದಿರಿಗೆ ಆಗುವ ಒಂದು ಮುಜುಗರದ ಬಗ್ಗೆ ಹೇಳಿಬಿಡುತ್ತೇನೆ. ಮನೆಯಲ್ಲಿ ಗೋಡೆ ಹತ್ತುವ ಮಗ ಡಾಕ್ಟರ ಕೋಣೆಯಲ್ಲಿ ದೇವರ ಹಾಗೆ ಕೂತಿರುತ್ತಾನೆ. ನೀವು ಹೇಳಿದ್ದೆಲ್ಲ ಸುಳ್ಳು ಅನಿಸುವ ಹಾಗೆ. ಹೆದರಬೇಡಿ, ಇದು ನಮಗೆ ಗೊತ್ತಿರುವ ವಿಷಯವೇ. ಹೊಸ ಜಾಗ, ಹೊಸ ಮುಖ, ಒಬ್ಬರೇ ಎದುರಿಗೆ ಕೂತು ಪೂರ್ತಿ ಗಮನ ಕೊಡುತ್ತಿರುವುದು, ಇಂಥ ಕಡೆ ಲಕ್ಷಣಗಳು ಅಡಗುತ್ತವೆ. "ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲ್ಲಾಡಲ್ಲ, ಗಮನ ಇಲ್ಲ ಅಂತ ಹೇಗೆ ಹೇಳೋದು" ಎಂದು ಎಷ್ಟೋ ಅಪ್ಪಂದಿರು ಕೇಳುತ್ತಾರೆ. ಪರದೆಯ ಮೇಲೆ ಕ್ಷಣಕ್ಕೊಂದು ಹೊಸದು ಬರುತ್ತದೆ, ಕ್ಷಣಕ್ಕೊಂದು ಬಹುಮಾನ ಸಿಗುತ್ತದೆ. ಅಲ್ಲಿ ಗಮನ ಹಿಡಿದಿಡುವ ಕೆಲಸವನ್ನು ಪರದೆಯೇ ಮಾಡುತ್ತದೆ. ನಾವು ನೋಡುವುದು ಬೇಸರ ತರಿಸುವ ಕೆಲಸದಲ್ಲಿ ಗಮನ ಎಷ್ಟು ನಿಲ್ಲುತ್ತದೆ ಎಂಬುದನ್ನು.

ಎಡಿಎಚ್‌ಡಿಯ ಹಾಗೇ ಕಾಣುವ ಬೇರೆ ತೊಂದರೆಗಳನ್ನು ಮೊದಲು ಬದಿಗೆ ಸರಿಸಬೇಕು. ಐದಾರು ವರ್ಷದ ಮಕ್ಕಳಲ್ಲಿ ಇದು ನನ್ನ ಲೆಕ್ಕದಲ್ಲಿ ಅತಿ ಮುಖ್ಯದ ಕೆಲಸ. ಮೊದಲನೆಯದು ನಿದ್ದೆ. ರಾತ್ರಿ ಗೊರಕೆ ಹೊಡೆಯುತ್ತಾನಾ, ಬಾಯಿ ತೆರೆದು ಮಲಗುತ್ತಾನಾ, ಉಸಿರು ಕಟ್ಟಿದಂತಾಗಿ ಹೊರಳುತ್ತಾನಾ ನೋಡಿ. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ, ಗಂಟಲಿನ ಟಾನ್ಸಿಲ್ ದೊಡ್ಡದಾಗಿ ನಿದ್ದೆ ಕೆಡುತ್ತಿರಬಹುದು. ನಿದ್ದೆ ಕೆಟ್ಟರೆ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ತದ್ವಿರುದ್ಧ, ಇನ್ನಷ್ಟು ಕುಣಿಯುತ್ತಾರೆ. ಎರಡನೆಯದು ಕಿವಿ. ನೀವೇ ಬರೆದಿದ್ದೀರಿ, ಹೇಳಿದ್ದು ಕಿವಿಗೆ ಬೀಳುವುದಿಲ್ಲ ಅಂತ. ಅದು ಮಾತಿನ ರೂಢಿ ಇರಬಹುದು, ನಿಜವೂ ಇರಬಹುದು. ಪದೇ ಪದೇ ಶೀತ ಆಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ತುಂಬಿ ಸ್ವಲ್ಪ ಮಂದವಾಗಿ ಕೇಳುತ್ತಿರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಕಿವಿ, ಕಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ.

ಮಾತಿನ ಮಧ್ಯೆ ಕೆಲವು ಸೆಕೆಂಡು ಎವೆಯಿಕ್ಕದೆ ನೋಡುತ್ತಾ ನಿಂತು, ಏನೂ ಆಗದ ಹಾಗೆ ಮುಂದುವರಿಯುತ್ತಾನಾ? ಅದು ದಿನಕ್ಕೆ ಎಷ್ಟೋ ಸಲ ಬರುವ ಒಂದು ಬಗೆಯ ಮೂರ್ಛೆ ಇರಬಹುದು, ಈ ವಯಸ್ಸಿನಲ್ಲೇ ಅದು ಶುರುವಾಗುವುದು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದೆಯಾ ನೋಡುತ್ತಾರೆ. ಮಾತು ತಡವಾಗಿದ್ದರೆ, ಪಾಠ ಅರ್ಥವೇ ಆಗದಿದ್ದರೆ, ಆಟಿಸಂ ಇದ್ದರೆ, ಮನೆಯಲ್ಲಿ ಜಗಳವೋ ಸಾವೋ ಆಗಿದ್ದರೆ ಮಗು ಹೀಗೇ ಕಾಣಬಹುದು. ಇದರಲ್ಲಿ ಒಂದು ಇದ್ದರೆ ಇನ್ನೊಂದು ಇಲ್ಲ ಅಂತೇನಿಲ್ಲ. ಆಟಿಸಂ ಮತ್ತು ಎಡಿಎಚ್‌ಡಿ ಒಟ್ಟಿಗೇ ಇರಬಹುದು ಎಂದು 2013ರ ಕೈಪಿಡಿಯೇ ಒಪ್ಪಿಕೊಂಡಿದೆ. ಅದಕ್ಕೆ ಮುಂಚೆ ಎರಡನ್ನೂ ಒಟ್ಟಿಗೆ ಬರೆಯುವಂತಿರಲಿಲ್ಲ.

ಈಗ ಮಾತ್ರೆಯ ಭಯ. ಆರು ವರ್ಷದ ಒಳಗಿನ ಮಗುವಿಗೆ ಎಡಿಎಚ್‌ಡಿ ಖಚಿತವಾದರೂ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಪೋಷಕರಿಗೆ ಕೊಡುವ ತರಬೇತಿ. ಅಮೆರಿಕದ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಇನ್ನೂ ಬಿಗಿ: ಐದು ವರ್ಷದ ಒಳಗಿನವರಿಗೆ ಇನ್ನೊಬ್ಬ ಪರಿಣತರ ಅಭಿಪ್ರಾಯ ಕೇಳದೆ ಔಷಧ ಕೊಡುವಂತಿಲ್ಲ. ಕಾರಣ ಇದೆ. ಮೂರರಿಂದ ಐದೂವರೆ ವರ್ಷದ ಮಕ್ಕಳಿಗೆ ಮಿಥೈಲ್‌ಫೆನಿಡೇಟ್ ಎಂಬ ಎಡಿಎಚ್‌ಡಿ ಔಷಧ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಔಷಧ ಕೆಲಸ ಮಾಡಿತು, ಆದರೆ ದೊಡ್ಡ ಮಕ್ಕಳಲ್ಲಿ ಮಾಡುವಷ್ಟು ಅಲ್ಲ. ಅಡ್ಡಪರಿಣಾಮ ಮಾತ್ರ ಜಾಸ್ತಿ. ನೂರಕ್ಕೆ 11 ಮಕ್ಕಳು ಅದನ್ನು ತಾಳದೆ ಬಿಡಬೇಕಾಯಿತು. ತರಬೇತಿಯಿಂದ ಸಾಲದೆ ತೊಂದರೆ ತೀವ್ರವಾಗೇ ಉಳಿದರೆ, ಆಗ ಔಷಧದ ಮಾತು ಬರುತ್ತದೆ. ದೊಡ್ಡ ಮಕ್ಕಳ ವಿಷಯ ಬೇರೆ. ಅಲ್ಲಿ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ, ಸುಮ್ನೆ ಹೆದರಿ ದೂರ ಇಡುವುದು ಸರಿಯಲ್ಲ.

"ಪೋಷಕರಿಗೆ ತರಬೇತಿ" ಅಂದ ಕೂಡಲೇ ತಪ್ಪು ನಮ್ಮದು ಅಂದ ಹಾಗಾಯಿತು ಎಂದು ಕೆಲವರು ಸಿಟ್ಟಾಗುತ್ತಾರೆ. ಅಲ್ಲ. ಬೇರೆ ಮಕ್ಕಳಿಗೆ ಸಾಕಾಗುವ ಪಾಲನೆ ಈ ಮಗುವಿಗೆ ಸಾಲುವುದಿಲ್ಲ, ಅಷ್ಟೇ. ಈ ಮಕ್ಕಳಿಗೆ ಫಲ ಕೂಡಲೇ ಕಾಣಬೇಕು. "ವಾರವಿಡೀ ಒಳ್ಳೆಯವನಾಗಿದ್ದರೆ ಭಾನುವಾರ ಸೈಕಲ್" ಅಂದರೆ ಸೋಮವಾರವೇ ಮರೆತುಹೋಗುತ್ತದೆ. "ಈಗ ಚಪ್ಪಲಿ ಹಾಕಿಕೊಂಡರೆ ಈಗಲೇ ಆಟ" ಅಂದರೆ ನಡೆಯುತ್ತದೆ. ಅಡುಗೆಮನೆಯಿಂದ ಕೂಗಿ ಮೂರು ಕೆಲಸ ಒಟ್ಟಿಗೆ ಹೇಳಬೇಡಿ. ಹತ್ತಿರ ಹೋಗಿ, ಅವನ ಎತ್ತರಕ್ಕೆ ಬಗ್ಗಿ, ಒಂದು ಕೆಲಸ, ನಾಲ್ಕೈದು ಪದದಲ್ಲಿ. ಮಾಡಿದ ಕೂಡಲೇ ಏನು ಮಾಡಿದ ಎಂದು ಹೆಸರಿಸಿ ಹೊಗಳಿ. "ಗುಡ್ ಬಾಯ್" ಸಾಲದು. "ಕರೆದ ತಕ್ಷಣ ಬಂದೆಯಲ್ಲ" ಅನ್ನಿ. ಆಟ ನಿಲ್ಲಿಸಬೇಕಾದರೆ ಐದು ನಿಮಿಷ ಮುಂಚೆ ಒಂದು ಸಲ, ಒಂದು ನಿಮಿಷ ಮುಂಚೆ ಇನ್ನೊಂದು ಸಲ ತಿಳಿಸಿ. ಸಣ್ಣಪುಟ್ಟ ಕಿರಿಕಿರಿಯನ್ನು ನೋಡಿಯೂ ನೋಡದ ಹಾಗಿರಿ. ಯಾವುದಕ್ಕೆ ಶಿಸ್ತು ಎಂದು ಎರಡೋ ಮೂರೋ ನಿಯಮ ಇಟ್ಟುಕೊಳ್ಳಿ, ಅದನ್ನು ನೀವು, ನಿಮ್ಮ ಯಜಮಾನರು, ಅತ್ತೆ ಮೂವರೂ ಒಂದೇ ತರ ಪಾಲಿಸಿ. ದಿನಕ್ಕೆ ಹತ್ತು ನಿಮಿಷ ಅವನು ಹೇಳಿದ ಹಾಗೆ ನೀವು ಆಡಿ, ಆ ಹೊತ್ತಿನಲ್ಲಿ ಬುದ್ಧಿಮಾತು ಬೇಡ. ಹೊಡೆಯಬೇಡಿ. ಹೊಡೆದರೆ ಆ ಕ್ಷಣ ನಿಲ್ಲುತ್ತಾನೆ. ಮರುದಿನ ಹಠ ಇನ್ನೂ ಜಾಸ್ತಿ.

ಶಾಲೆಯಲ್ಲೂ ಇಂಥದ್ದೇ. ಟೀಚರ ಹತ್ತಿರ ಕೂರಿಸುವುದು, ಪುಸ್ತಕ ಹಂಚುವಂಥ ಎದ್ದು ಓಡಾಡುವ ಕೆಲಸ ಅವನಿಗೇ ಕೊಡುವುದು, ಬರೆಯುವುದನ್ನು ತುಂಡು ತುಂಡಾಗಿ ಮಾಡಿಸುವುದು. ಆಟದ ಬಿಡುವನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬಾರದು. ಅತ್ಯಂತ ಬೇಕಾದವನಿಗೇ ಅದನ್ನು ತಪ್ಪಿಸಿದಂತಾಗುತ್ತದೆ.

ಗಮನಿಸಿ, ಇದ್ಯಾವುದಕ್ಕೂ ಎಡಿಎಚ್‌ಡಿ ಎಂಬ ಹೆಸರು ಬೇಕಾಗಿಲ್ಲ. ಇದೆಯೋ ಇಲ್ಲವೋ ಎಂಬ ತೀರ್ಮಾನ ಆರು ತಿಂಗಳು ತಡವಾದರೂ ಇದನ್ನೆಲ್ಲ ನಾಳೆಯಿಂದ ಶುರು ಮಾಡಬಹುದು. ಎಡಿಎಚ್‌ಡಿ ಇಲ್ಲದ ಮಗುವಿಗೂ ಇದರಿಂದ ಹಾನಿ ಇಲ್ಲ. "ಏಳರವರೆಗೆ ಕಾಯಿರಿ" ಎಂಬ ಮಾತಿನ ಮೇಲೆ ನನಗಿರುವ ತಕರಾರು ಇದೇ. ಹೆಸರಿಡಲು ಕಾದರೆ ದೊಡ್ಡ ನಷ್ಟ ಇಲ್ಲ. ಆದರೆ ಹಾಗೆ ಹೇಳಿಸಿಕೊಂಡು ಬಂದ ಮನೆಯವರು ಸಹಾಯವನ್ನೂ ಏಳರವರೆಗೆ ಮುಂದೂಡುತ್ತಾರೆ. ಆ ಎರಡು ವರ್ಷದಲ್ಲಿ ಮಗು ದಿನಕ್ಕೆ ಎಷ್ಟು ಸಲ ಬೈಗುಳ ತಿನ್ನುತ್ತದೆ ಲೆಕ್ಕ ಹಾಕಿ. ಏಳಕ್ಕೆ ಬಂದಾಗ ಗಮನದ ತೊಂದರೆಯ ಜೊತೆ "ನಾನು ಕೆಟ್ಟವನು" ಎಂಬ ನಂಬಿಕೆಯೂ ಬಂದಿರುತ್ತದೆ. ಮೊದಲಿನದಕ್ಕಿಂತ ಎರಡನೆಯದನ್ನು ಬಿಡಿಸುವುದು ಕಷ್ಟ.

ಚಿಕ್ಕ ವಯಸ್ಸಿನಲ್ಲಿ ಗುರುತಿಸಿದ್ದು ಆಮೇಲೆ ತಾನಾಗೇ ಹೋಗುತ್ತದಾ ಎಂದೂ ಕೇಳುತ್ತಾರೆ. ನಾನು ಮೇಲೆ ಹೇಳಿದ 2006ರ ಅಧ್ಯಯನದ ಮಕ್ಕಳನ್ನು ಆರು ವರ್ಷದ ನಂತರ ಮತ್ತೆ ನೋಡಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ತೊಂದರೆ ಇನ್ನೂ ಇತ್ತು. ಅವರೆಲ್ಲ ಮಧ್ಯಮದಿಂದ ತೀವ್ರ ಮಟ್ಟದವರು, ಪರಿಣತರು ಕೂಲಂಕಷವಾಗಿ ನೋಡಿ ಆರಿಸಿದವರು ಎಂಬುದು ನೆನಪಿರಲಿ. ಅಂದರೆ ಜಾಗರೂಕತೆಯಿಂದ ಮಾಡಿದರೆ ಚಿಕ್ಕ ವಯಸ್ಸಿನ ತೀರ್ಮಾನವೂ ನಿಲ್ಲುತ್ತದೆ.

ನಿಮ್ಮ ಅತ್ತೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. "ಇವನಪ್ಪನೂ ಹೀಗೇ ಇದ್ದ" ಎನ್ನುವುದು ಡಾಕ್ಟರಿಗೆ ಒಂದು ಮುಖ್ಯ ಸುಳಿವು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದ ಶೇಕಡಾ 74ರಷ್ಟು ಆನುವಂಶಿಕ. ಅತ್ತೆಯನ್ನೇ ಕೂರಿಸಿಕೊಂಡು ಕೇಳಿ: ಆಗ ಶಾಲೆಯಲ್ಲಿ ಏನಾಯಿತು? ಎಷ್ಟು ಏಟು ಬಿತ್ತು? ಓದು ಎಲ್ಲಿಗೆ ನಿಂತಿತು? ಈಗಲೂ ನಿಮ್ಮ ಯಜಮಾನರು ಬೀಗದಕೈ ಹುಡುಕುತ್ತಿರುತ್ತಾರಾ, ಶುರು ಮಾಡಿದ ಕೆಲಸ ಅರ್ಧಕ್ಕೆ ಬಿಡುತ್ತಾರಾ? ಎಷ್ಟೋ ಮನೆಗಳಲ್ಲಿ ಮಗನ ಪ್ರಶ್ನಾವಳಿ ತುಂಬಿಸುತ್ತಾ ಅಪ್ಪ "ಇದು ನನ್ನ ಕಥೆ" ಅನ್ನುತ್ತಾರೆ. ತರಬೇತಿಯ ನಿಯಮಗಳನ್ನು ಪಾಲಿಸುವುದು ಆ ಅಪ್ಪನಿಗೂ ಕಷ್ಟವಾಗುತ್ತದೆ, ಅದನ್ನೂ ಲೆಕ್ಕದಲ್ಲಿಟ್ಟು ಯೋಜನೆ ಮಾಡಬೇಕು.

ಇನ್ನು ನಿಮ್ಮ ಅಕ್ಕನ ಮಗಳು. 13ಕ್ಕೆ ಗೊತ್ತಾಯಿತು ಅಂದರೆ 13ಕ್ಕೆ ಶುರುವಾಯಿತು ಅಂತಲ್ಲ. ಷರತ್ತು ಇರುವುದು ಲಕ್ಷಣ 12ಕ್ಕೆ ಮುಂಚೆ ಇರಬೇಕು ಎಂದು, ತೀರ್ಮಾನ 12ಕ್ಕೆ ಮುಂಚೆ ಆಗಬೇಕು ಎಂದಲ್ಲ. ಹೆಣ್ಣುಮಕ್ಕಳಲ್ಲಿ ಇದು ತಡವಾಗುವುದು ತುಂಬಾ ಸಾಮಾನ್ಯ. ಅಮೆರಿಕದ 2022ರ ಸಮೀಕ್ಷೆಯಲ್ಲಿ ಗಂಡುಮಕ್ಕಳಲ್ಲಿ ಶೇಕಡಾ 15ರಷ್ಟು ಮಂದಿಗೆ ಎಡಿಎಚ್‌ಡಿ ಎಂದು ಹೇಳಿದ್ದರೆ ಹೆಣ್ಣುಮಕ್ಕಳಲ್ಲಿ ಅದು ಶೇಕಡಾ ಎಂಟು. ದೊಡ್ಡವರಲ್ಲಿ ನೋಡಿದರೆ ಈ ಅಂತರ ತುಂಬಾ ಕಡಿಮೆ. ಮಧ್ಯದಲ್ಲಿ ಎಷ್ಟೋ ಹುಡುಗಿಯರು ತಪ್ಪಿಹೋಗಿದ್ದಾರೆ ಅಂತಲೇ ಅರ್ಥ, ಅಲ್ವಾ? ಬೆಂಚು ಹತ್ತಿ ಕುಣಿಯುವ ಹುಡುಗನನ್ನು ಮೊದಲ ವಾರವೇ ಡಾಕ್ಟರ ಹತ್ತಿರ ಕಳಿಸುತ್ತಾರೆ. ಕಿಟಕಿಯ ಆಚೆ ನೋಡುತ್ತಾ ಕೂತ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. "ಜಾಣೆ, ಆದರೆ ಕನಸು ಕಾಣ್ತಾಳೆ" ಎಂದು ವರ್ಷಗಟ್ಟಲೆ ಸಾಗುತ್ತದೆ. ಜಾಣತನದಿಂದ, ಅಮ್ಮ ರಾತ್ರಿ ಕೂತು ಓದಿಸುವುದರಿಂದ, ಒಬ್ಬರೇ ಟೀಚರ್ ಇರುವುದರಿಂದ ಕೆಳಗಿನ ತರಗತಿಗಳು ಹೇಗೋ ದಾಟುತ್ತವೆ. ಆಮೇಲೆ ವಿಷಯಕ್ಕೊಬ್ಬ ಟೀಚರ್, ತಾನೇ ಬರೆದಿಟ್ಟುಕೊಳ್ಳಬೇಕಾದ ಹೋಂವರ್ಕ್, ಮೂರು ವಾರ ಮುಂಚೆ ಶುರು ಮಾಡಬೇಕಾದ ಪ್ರಾಜೆಕ್ಟ್. ಅಲ್ಲಿ ಕುಸಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ. 11 ವರ್ಷದವರೆಗೆ ನಿಜವಾಗಿಯೂ ಚೆನ್ನಾಗಿದ್ದು, 13ಕ್ಕೆ ಇದ್ದಕ್ಕಿದ್ದ ಹಾಗೆ ಗಮನ ಹೋಗಿದ್ದರೆ ಎಡಿಎಚ್‌ಡಿಗಿಂತ ಮೊದಲು ಖಿನ್ನತೆ, ಆತಂಕ, ನಿದ್ದೆಗೇಡು, ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿರುವುದು, ಇವನ್ನು ಹುಡುಕಬೇಕು. ನಿಮ್ಮ ಅಕ್ಕನಿಗೆ ಹೇಳಿ, ಒಂದನೇ ತರಗತಿಯಿಂದ ಬಂದ ಪ್ರಗತಿಪತ್ರಗಳು ಮನೆಯಲ್ಲಿದ್ದರೆ ಹುಡುಕಿ ತೆಗೆದುಕೊಂಡು ಹೋಗಲಿ. ಅಂಕಗಳಿಗಿಂತ ಟೀಚರುಗಳು ಕೆಳಗೆ ಬರೆದ ಒಂದೊಂದು ಸಾಲು ಡಾಕ್ಟರಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಮಗನಿಗೆ ಈಗ ಮಾಡಬೇಕಾದದ್ದು: ಕಿವಿ ಮತ್ತು ಕಣ್ಣಿನ ಪರೀಕ್ಷೆ ಈ ತಿಂಗಳಲ್ಲೇ. ಒಂದು ವಾರ ರಾತ್ರಿ ಅವನ ಉಸಿರಾಟ ಗಮನಿಸಿ, ಗೊರಕೆ ಇದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಟೀಚರ ಹತ್ತಿರ ನಾನು ಹೇಳಿದ ಪ್ರಶ್ನೆ ಕೇಳಿ, ಉತ್ತರವನ್ನು ಬರೆದುಕೊಡಲು ವಿನಂತಿಸಿ. ಇಷ್ಟನ್ನು ಹಿಡಿದುಕೊಂಡು ಮಕ್ಕಳ ಬೆಳವಣಿಗೆ ನೋಡುವ ತಜ್ಞರನ್ನೋ ಮಕ್ಕಳ ಮನೋವೈದ್ಯರನ್ನೋ ಕಾಣಿ. ಅವರು "ಈಗ ತರಬೇತಿ ಶುರು ಮಾಡೋಣ, ಆರು ತಿಂಗಳ ನಂತರ ಮತ್ತೆ ನೋಡೋಣ" ಅಂದರೆ ಅದು ಒಳ್ಳೆಯ ಉತ್ತರ, ಒಪ್ಪಿಕೊಳ್ಳಿ. ಆದರೆ ಅವನು ಕೈ ಬಿಡಿಸಿಕೊಂಡು ರಸ್ತೆಗೆ ಓಡುತ್ತಿದ್ದರೆ, ಎತ್ತರದಿಂದ ಹಾರಿ ಪದೇ ಪದೇ ಗಾಯ ಮಾಡಿಕೊಳ್ಳುತ್ತಿದ್ದರೆ, ಅಥವಾ ಶಾಲೆಯವರು "ಇನ್ನು ಕಳಿಸಬೇಡಿ" ಅನ್ನುವ ಹಂತಕ್ಕೆ ಬಂದಿದ್ದರೆ, ಆರು ತಿಂಗಳು ಕಾಯಬೇಡಿ, ಅದನ್ನೇ ಮೊದಲ ಮಾತಾಗಿ ಹೇಳಿ ಬೇಗನೆ ದಿನ ಕೊಡಲು ಕೇಳಿ.